ಬೀಮ್ ತಿರುಗಿಸಲು ಮಸೂರವೇ ಬೇಕೇ?

ಮಂಜೇಶ್ವರದ ವಿದ್ಯಾರ್ಥಿನಿ: ಎಂ.ಟೆಕ್ ಯೋಜನೆಗಾಗಿ 10 ಗಿಗಾಹರ್ಟ್ಸ್‌ನ ಎಂಟು ಆಂಟೆನಾಗಳ ಸಾಲಿನ ಬೀಮನ್ನು, ಎಂದರೆ ಅದು ಒಂದೇ ದಿಕ್ಕಿಗೆ ಬಿಡುವ ರೇಡಿಯೋ ಕಿರಣವನ್ನು, ತಿರುಗಿಸಲು ರಾಟ್‌ಮನ್ ಮಸೂರವೊಂದನ್ನು (ಪ್ರತಿ ಆಂಟೆನಾಗೆ ತರಂಗವನ್ನು ಬೇರೆಬೇರೆ ವಿಳಂಬದಲ್ಲಿ ತಲುಪಿಸುವ ರಚನೆ) ಸಾಮಾನ್ಯ ಎಫ್‌ಆರ್-4 ಸರ್ಕ್ಯೂಟ್ ಬೋರ್ಡಿನ ಮೇಲೆ ಮಾಡಿಸಬೇಕೆಂದಿದ್ದೇನೆ. ಮಾರ್ಗದರ್ಶಕರು ಫೇಸ್ ಶಿಫ್ಟರ್ (ಪ್ರತಿ ಆಂಟೆನಾದ ತರಂಗದ ಫೇಸ್, ಎಂದರೆ ಹಂತವನ್ನು ಬದಲಿಸುವ ಸಾಧನ) ಸಾಕೆನ್ನುತ್ತಾರೆ. ತಿಳಿದವರು ಅಭಿಪ್ರಾಯ ತಿಳಿಸಬೇಕು.

ಬದಿಯಡ್ಕದ ನಿವೃತ್ತ ಅಧ್ಯಾಪಕ: ನಿಮಗೆ ಎಷ್ಟು ಅಗಲದ ಬ್ಯಾಂಡ್, ಎಂದರೆ ಆವರ್ತನಗಳ ವ್ಯಾಪ್ತಿ, ಬೇಕೆಂಬುದರ ಮೇಲೆ ಉತ್ತರ ನಿಂತಿದೆ. ಆಂಟೆನಾಗಳನ್ನು ಅರ್ಧ ತರಂಗಾಂತರದ, ಎಂದರೆ 15 ಮಿ.ಮೀ. ಅಂತರದಲ್ಲಿಟ್ಟು, ಫೇಸ್ ಶಿಫ್ಟರ್‌ಗಳಿಂದ 10 ಗಿಗಾಹರ್ಟ್ಸ್‌ನಲ್ಲಿ ಬೀಮನ್ನು 30 ಡಿಗ್ರಿಗೆ ತಿರುಗಿಸಿದರೆ, ಅದೇ ಫೇಸ್ ಉಳಿದಿರುವಾಗ 11 ಗಿಗಾಹರ್ಟ್ಸ್‌ನಲ್ಲಿ ಅದು 27 ಡಿಗ್ರಿಗೆ ಜಾರುತ್ತದೆ. ರಾಟ್‌ಮನ್ ಮತ್ತು ಟರ್ನರ್ 1963ರಲ್ಲಿ ವಿವರಿಸಿದ ಮಸೂರದಲ್ಲಿ ಹಾದಿಯ ಉದ್ದದ ವ್ಯತ್ಯಾಸವೇ ವಿಳಂಬವನ್ನು ಕೊಡುವುದರಿಂದ ಈ ಜಾರುವಿಕೆ ಇರುವುದಿಲ್ಲ. ಮೂರು ನಾಭಿಬಿಂದುಗಳಿಂದ ತರಂಗವನ್ನು ಒಳಬಿಟ್ಟರೆ ಹಾದಿಗಳು ನಿಖರವಾಗಿ ಹೊಂದುತ್ತವೆ. ಅವುಗಳ ನಡುವಿನ ಪೋರ್ಟ್‌ಗಳಲ್ಲಿ (ತರಂಗ ಒಳಬರುವ ಬಾಯಿಗಳಲ್ಲಿ) ಸಣ್ಣ ದೋಷ ಉಳಿಯುತ್ತದೆ, ಅದನ್ನು ವಿನ್ಯಾಸದಲ್ಲಿಯೇ ತಗ್ಗಿಸಬಹುದು.

ಹೊಸೂರಿನ ಎಂಜಿನಿಯರ್: ಮಾಸ್ತರರು ಹೇಳಿದ್ದು ಸರಿ, ಆದರೆ ಬೋರ್ಡಿನ ವಿಷಯ ಬಿಟ್ಟುಹೋಯಿತು. ಎಫ್‌ಆರ್-4ರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಇದು ಹೆಚ್ಚಿದಷ್ಟೂ ವಸ್ತುವಿನೊಳಗೆ ತರಂಗ ನಿಧಾನ) ಸುಮಾರು 4.4, ಲಾಸ್ ಟ್ಯಾಂಜೆಂಟ್ (ವಸ್ತು ಎಷ್ಟು ಶಕ್ತಿ ನುಂಗುತ್ತದೆಂಬುದರ ಅಳತೆ) 0.02 ಎಂದಿಟ್ಟುಕೊಂಡರೆ, 10 ಗಿಗಾಹರ್ಟ್ಸ್‌ನಲ್ಲಿ ತರಂಗವು ಆ ವಸ್ತುವಿನೊಳಗೆ 10 ಸೆಂ.ಮೀ. ಸಾಗುವಷ್ಟರಲ್ಲಿ 3.8 ಡೆಸಿಬೆಲ್, ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ, ಶಾಖವಾಗಿ ಹೋಗಿರುತ್ತದೆ. ಇದರ ಮೇಲೆ, ಪಕ್ಕದ ಗೋಡೆಗಳಿಗೆ ಚೆಲ್ಲುವ ಶಕ್ತಿಯನ್ನು ಡಮ್ಮಿ ಪೋರ್ಟ್‌ಗಳು ನುಂಗುತ್ತವೆ. ಟ್ಯಾಂಜೆಂಟ್ 0.002 ಇರುವ ಬೋರ್ಡಿನಲ್ಲಿ ಶಾಖವಾಗಿ ಹೋಗುವ ನಷ್ಟ ಡೆಸಿಬೆಲ್ ಲೆಕ್ಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲಿಗಿಳಿಯುತ್ತದೆ, ಬೆಲೆ ಮಾತ್ರ ಏರುತ್ತದೆ.

ಮಂಜೇಶ್ವರದ ವಿದ್ಯಾರ್ಥಿನಿ: ಹಾಗಾದರೆ ತ್ರೀಡಿ ಮುದ್ರಣದ ಲೂನೆಬರ್ಗ್ ಗೋಳವನ್ನು, ಎಂದರೆ ಗೋಳಾಕಾರದ ಮಸೂರವನ್ನು, ಬಳಸಬಹುದೇ?

ಬದಿಯಡ್ಕದ ನಿವೃತ್ತ ಅಧ್ಯಾಪಕ: ಬಳಸಬಹುದು. ಡೈಎಲೆಕ್ಟ್ರಿಕ್ ಸ್ಥಿರಾಂಕವು ನಡುವಿನಲ್ಲಿ 2, ಹೊರಮೈಯಲ್ಲಿ 1 ಆಗುವಂತೆ ಪ್ಲಾಸ್ಟಿಕ್ಕಿನ ಸಾಂದ್ರತೆಯನ್ನು ಹೊರಗೆ ಹೋದಂತೆಲ್ಲ ಇಳಿಸಬೇಕು. ಒಳಗಿನ ಗೂಡುಗಳು ತರಂಗಾಂತರಕ್ಕಿಂತ ಬಹಳ ಚಿಕ್ಕದಾಗಿರಬೇಕು. ಹೊರಮೈಯಲ್ಲಿ ಫೀಡ್ (ಮಸೂರಕ್ಕೆ ತರಂಗ ಬಿಡುವ ಚಿಕ್ಕ ಆಂಟೆನಾ) ಎಲ್ಲಿದೆಯೋ ಅದರ ಎದುರು ದಿಕ್ಕಿಗೆ ಬೀಮ್ ಹೊರಡುತ್ತದೆ. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಆ ಗೂಡುಗಳಿಗೆ ನೀರು ಸೇರಿದರೆ ಲೆಕ್ಕವೆಲ್ಲ ಕೆಟ್ಟಂತೆಯೇ, ಮೇಲೆ ಮುಚ್ಚಳ ಬೇಕೇಬೇಕು.

ಹೊಸೂರಿನ ಎಂಜಿನಿಯರ್: ರಾಟ್‌ಮನ್ ಮಸೂರದಂತೆ ಗೋಳದಲ್ಲೂ ಫೀಡ್‌ಗಳ ನಡುವೆ ಸ್ವಿಚ್ ಬೇಕು, ಬೀಮ್‌ಗಳು ಕೆಲವೇ ನಿಗದಿತ ಕೋನಗಳಲ್ಲಿ ಬಿಡಿಬಿಡಿಯೇ. ಎಂಟು ಆಂಟೆನಾಗಳ ಸಾಲಿಗೆ ಸಮಾನ ಶಕ್ತಿ ಕೊಟ್ಟು, ಒಂದಕ್ಕೊಂದು ಅಡ್ಡಿಯಾಗದಂತೆ ಜೋಡಿಸಿದ ಪಕ್ಕಪಕ್ಕದ ಬೀಮ್‌ಗಳು ಸೇರುವಲ್ಲಿ ಶಕ್ತಿ ಸುಮಾರು 3.9 ಡೆಸಿಬೆಲ್ ಕುಸಿದಿರುತ್ತದೆ. ನಡುವಿನ ಕೋನಗಳೆಲ್ಲ ಬೇಕಾದರೆ, ಬ್ಯಾಂಡ್ ಕಿರಿದಾಗಿದ್ದಲ್ಲಿ, ಫೇಸ್ ಶಿಫ್ಟರ್ ಸಾಕೆಂಬ ಮಾರ್ಗದರ್ಶಕರ ಮಾತೇ ಸರಿ.

ಮಂಜೇಶ್ವರದ ವಿದ್ಯಾರ್ಥಿನಿ: ನಮಗೆ 9ರಿಂದ 11 ಗಿಗಾಹರ್ಟ್ಸ್ ಬೇಕು, ಬಿಡಿ ಕೋನಗಳು ಸಾಕು. ಮೊದಲು ಎರಡೂ ಬಗೆಯ ಬೋರ್ಡಿನ ಮೇಲೆ ಉದ್ದ ಬೇರೆಬೇರೆಯಾದ ಎರಡೆರಡು ನೇರ ಲೈನ್‌ಗಳನ್ನು ಮಾಡಿಸಿ, ನಷ್ಟವನ್ನು ಅಳೆದು, ಆಮೇಲೆ ಮಸೂರಕ್ಕೆ ಕೈಹಾಕುತ್ತೇನೆ.