55 ಇಂಚಿನ ಟಿ.ವಿ.: ಯುಗಾದಿಗೇ ತರಬೇಕೆ, ದೀಪಾವಳಿಯವರೆಗೆ ಕಾಯಬೇಕೆ?

ಖಣದೂರಿನವ, ಗುಳೇದಗುಡ್ಡ

ಎಲ್ಲರಿಗೂ ಶರಣು. ನಮ್ಮ ಮನೆಯ 32 ಇಂಚಿನ ಹಳೆಯ ಟಿ.ವಿ.ಯ ಪರದೆಯ ಮೇಲೆ ಉದ್ದನೆಯ ಗೆರೆಗಳು ಮೂಡತೊಡಗಿವೆ. ಅದರ ದುರಸ್ತಿಗೆ ದುಡ್ಡು ಸುರಿಯುವ ಬದಲು 55 ಇಂಚಿನ 4ಕೆ ಟಿ.ವಿ.ಯನ್ನೇ ತರಬೇಕೆಂದು ಮನೆಯವರ ಒತ್ತಾಯ. ₹60,000ದವರೆಗೆ ಹೊಂದಿಸಬಲ್ಲೆ, ಅದರಾಚೆ ಹೋಗುವ ಮನಸ್ಸಿಲ್ಲ. ಕೊಳ್ಳುವುದಂತೂ ಖಚಿತ, ಯಾವಾಗ ಎಂಬುದೇ ತೀರ್ಮಾನವಾಗುತ್ತಿಲ್ಲ.

2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದಿದೆ, ಇದಕ್ಕಿಂತ ಕಡಿಮೆಗೆ ಮುಂದೆ ಸಿಗಲಾರದು, ಯುಗಾದಿಗೇ ಒಯ್ಯಿರಿ ಎನ್ನುತ್ತಾರೆ ಬಾಗಲಕೋಟೆಯ ಅಂಗಡಿಯವರು. ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಾತು ಬೇರೆ. ಮಿನಿ ಎಲ್‌ಇಡಿ ಟಿ.ವಿ.ಗಳು ಇನ್ನೂ ಅಗ್ಗವಾಗುತ್ತವೆ, ದೀಪಾವಳಿಯವರೆಗೆ ತಡೆದರೆ ಇದೇ ಹಣಕ್ಕೆ ಇದಕ್ಕಿಂತ ಮೇಲಿನ ದರ್ಜೆಯದು ಬರುತ್ತದೆ ಎಂದು ಅವನು ಹೇಳುತ್ತಾನೆ. ಇಬ್ಬರ ಮಾತಿನಲ್ಲೂ ಹುರುಳಿದ್ದಂತೆ ಕಾಣುವುದೇ ನನ್ನ ತೊಡಕು.

ನಮ್ಮದು ಹಳೆಯ ಕಲ್ಲಿನ ಮನೆ. ಟಿ.ವಿ. ಇರುವುದು ಪಡಸಾಲೆಯಲ್ಲಿ, ಕೂರುವ ಜಾಗಕ್ಕೂ ಗೋಡೆಗೂ ನಡುವೆ ಸುಮಾರು ಹತ್ತು ಅಡಿ ಅಂತರ. ಹಗಲು ಮುಂಬಾಗಿಲು ತೆರೆದೇ ಇರುವುದರಿಂದ ಬೆಳಕು ಚೆನ್ನಾಗಿ ಬರುತ್ತದೆ. ಅಪ್ಪ ಒಂದು ಬದಿಗೆ ಮಂಚದ ಮೇಲೆ ಕೂರುತ್ತಾರೆ, ಮಕ್ಕಳು ನೆಲದ ಮೇಲೆ. ಅವ್ವ ಧಾರಾವಾಹಿ, ಅಪ್ಪ ಸುದ್ದಿ, ನಾನು ಕ್ರಿಕೆಟ್. ಕೇಬಲ್ ಸಂಪರ್ಕ ಹಳೆಯದು, ಎಚ್‌ಡಿ ಅಲ್ಲ. ಇತ್ತೀಚೆಗೆ ನಮ್ಮ ಓಣಿಗೆ ಫೈಬರ್ ಬಂದಿದೆ, ಇನ್ನೂ ಹಾಕಿಸಿಕೊಂಡಿಲ್ಲ. ಇಷ್ಟನ್ನು ಗಮನದಲ್ಲಿಟ್ಟುಕೊಂಡು, ಕಾಯುವುದರಿಂದ ನಿಜವಾಗಿ ಏನಾದರೂ ಲಾಭವಿದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರಿಕೆ.

ಗುಮ್ಮಟದ ನೆರಳು, ವಿಜಯಪುರ

ನಮಸ್ಕಾರ. ಅಂಗಡಿಯವರಾಗಲಿ ನಿಮ್ಮ ತಮ್ಮನಾಗಲಿ ಕೇಳದ ಒಂದು ಪ್ರಶ್ನೆ ನಿಮ್ಮ ಬರಹದ ಕೊನೆಯ ಸಾಲುಗಳಲ್ಲಿದೆ: ಆ ಪರದೆಯ ಮೇಲೆ ಬರುವ ಚಿತ್ರ ಯಾವುದು? ಎಚ್‌ಡಿ ಅಲ್ಲದ ವಾಹಿನಿಯ ಚಿತ್ರದಲ್ಲಿ ಅಗಲಕ್ಕೆ 720, ಎತ್ತರಕ್ಕೆ 576 ಚುಕ್ಕೆಗಳು, ಅಂದರೆ ಒಟ್ಟು ಸುಮಾರು 4.15 ಲಕ್ಷ. 4ಕೆ ಪರದೆಯಲ್ಲಿ ಅಗಲಕ್ಕೆ 3840, ಎತ್ತರಕ್ಕೆ 2160ರಂತೆ ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕೆಯಿಂದ ಇಪ್ಪತ್ತು ಚುಕ್ಕೆಗಳನ್ನು ಟಿ.ವಿ. ತಾನೇ ಊಹಿಸಿ ತುಂಬಿಕೊಳ್ಳಬೇಕು. 32 ಇಂಚಿನಲ್ಲಿ ಮುಚ್ಚಿಹೋಗುತ್ತಿದ್ದ ಮಸುಕು, ಅದರ ಹೆಚ್ಚುಕಡಿಮೆ ಮೂರು ಪಟ್ಟು ವಿಸ್ತೀರ್ಣವಿರುವ 55 ಇಂಚಿನಲ್ಲಿ ಎದ್ದು ಕಾಣುತ್ತದೆ. ಹೊಸ ಟಿ.ವಿ. ತಂದ ದಿನವೇ ‘ಹಳೆಯದೇ ಚೆನ್ನಾಗಿತ್ತಲ್ಲ’ ಎಂಬ ಮಾತು ಮನೆಯ ಹಿರಿಯರಿಂದ ಬರುವುದು ಸಾಮಾನ್ಯವಾಗಿ ಈ ಕಾರಣಕ್ಕೆ.

ಎಚ್‌ಡಿ ವಾಹಿನಿಯಾದರೆ 1920 ಮತ್ತು 1080ರ ಲೆಕ್ಕ; ಒಂದಕ್ಕೆ ನಾಲ್ಕು ತುಂಬಿದರೆ ಸಾಕು, ಅಷ್ಟನ್ನು ಇಂದಿನ ಟಿ.ವಿ.ಗಳು ಅಚ್ಚುಕಟ್ಟಾಗಿ ಮಾಡುತ್ತವೆ. ಕಲರ್ಸ್ ಕನ್ನಡ, ಝೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲವೂ ಎಚ್‌ಡಿಯಲ್ಲಿ ದೊರೆಯುತ್ತವೆ. ಆದ್ದರಿಂದ ಟಿ.ವಿ.ಗೆ ಮೊದಲು, ಇಲ್ಲವೇ ಅದರ ಜೊತೆಗೇ, ಎಚ್‌ಡಿ ಸೆಟ್ ಟಾಪ್ ಬಾಕ್ಸ್ ಬದಲಿಸಿಕೊಳ್ಳಿ. ಫೈಬರ್ ಹಾಕಿಸಿದರೆ 4ಕೆ ಚಿತ್ರಗಳೂ ಸಿಗುತ್ತವೆ. ಅದಕ್ಕೆ 15 ಎಂಬಿಪಿಎಸ್ ವೇಗ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ, ಗಂಟೆಗೆ 7 ಜಿಬಿಯವರೆಗೆ ಡೇಟಾ ಖರ್ಚಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ನೆಚ್ಚಿಕೊಂಡರೆ ದಿನದ 1.5 ಜಿಬಿ ಕಾಲು ಗಂಟೆಯೂ ಬಾರದು.

ಇನ್ನು ಅಂತರದ ಮಾತು. ಪರದೆ ನಮ್ಮ ನೋಟದಲ್ಲಿ ಕನಿಷ್ಠ 30 ಡಿಗ್ರಿಯಷ್ಟಾದರೂ ತುಂಬಿರಬೇಕೆಂಬ ಒಂದು ವಾಡಿಕೆಯ ಅಳತೆಯಿದೆ. ಅದರ ಪ್ರಕಾರ ಪರದೆಯ ಇಂಚನ್ನು 1.6ರಿಂದ ಗುಣಿಸಿದರೆ ಕೂರುವ ದೂರ ಬರುತ್ತದೆ. 55 ಇಂಚಿಗೆ ಅದು ಏಳೂಕಾಲು ಅಡಿಗೆ ತುಸು ಹೆಚ್ಚು. ನೀವು ಕೂರುವುದು ಹತ್ತು ಅಡಿಯಲ್ಲಿ, ಅಂದರೆ 55 ಇಂಚು ಕಣ್ಣಿಗೆ ದೊಡ್ಡದಾಯಿತೆಂಬ ಅಂಜಿಕೆ ಬೇಡ. ಆದರೆ ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಾಮಾನ್ಯ ದೃಷ್ಟಿಯವರಿಗೆ 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ, ಅಂದರೆ ಮೇಲೆ ಹೇಳಿದ 1920 ಮತ್ತು 1080ರ ಲೆಕ್ಕದ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದು ಸುಮಾರು ಏಳು ಅಡಿಗಿಂತ ಹತ್ತಿರ ಬಂದಾಗ ಮಾತ್ರ. ಹತ್ತು ಅಡಿಯಿಂದ ನೋಡುವವರಿಗೆ 4ಕೆಗೂ ಫುಲ್ ಎಚ್‌ಡಿಗೂ ನಡುವಿನ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಈ ಅಳತೆಯಲ್ಲಿ ಮಾರಾಟಕ್ಕಿರುವುದು ಬಹುತೇಕ 4ಕೆಯೇ ಆಗಿರುವುದರಿಂದ ಅದು ಹೇಗೂ ಬರುತ್ತದೆ; ಅದಕ್ಕಾಗಿ ಹೆಚ್ಚು ಹಣ ಕೊಡುವುದಾಗಲಿ, ಇನ್ನೂ ಹೆಚ್ಚು ಚುಕ್ಕೆಗಳ 8ಕೆಗಾಗಿ ಕಾಯುವುದಾಗಲಿ ಬೇಕಿಲ್ಲ.

ಬೆಲೆಯ ವಿಷಯದಲ್ಲಿ ಅಂಗಡಿಯವರ ಮಾತು ಅರ್ಧ ನಿಜ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಮೊದಲು ₹64,000 ಇದ್ದ ಟಿ.ವಿ. ಈ ಲೆಕ್ಕದಲ್ಲಿ ₹59,000ಕ್ಕೆ ಬರಬೇಕು, ಅಂದರೆ ಕೊಳ್ಳುವವರ ಕೈಯಲ್ಲಿ ಉಳಿಯುವುದು ಶೇ. 8ಕ್ಕೆ ತುಸು ಕಡಿಮೆ. ಆ ಇಳಿಕೆ ಆಗಿಹೋಗಿದೆ, ಇನ್ನೊಮ್ಮೆ ಆಗುವ ಸೂಚನೆಯಿಲ್ಲ. ಅತ್ತ 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳು ವಿಪರೀತ ತುಟ್ಟಿಯಾದವು, ಡಿಸೆಂಬರಿನಲ್ಲಿ ಡಾಲರ್ ₹90 ದಾಟಿತು. ಪ್ಯಾನೆಲ್ಲೂ (ಚಿತ್ರ ಮೂಡುವ ಪರದೆಯ ಭಾಗ) ಚಿಪ್ಪೂ ಹೆಚ್ಚಾಗಿ ಹೊರದೇಶದಿಂದಲೇ ಬರುವುದರಿಂದ, ಕಾದಷ್ಟೂ ಅಗ್ಗ ಎಂಬ ಹಳೆಯ ನಂಬಿಕೆಯನ್ನು ಈ ವರ್ಷ ನೆಚ್ಚುವಂತಿಲ್ಲ. ಬಾಕ್ಸ್ ಬದಲಿಸಿ, ಟಿ.ವಿ. ಈಗಲೇ ಕೊಳ್ಳಿ ಎಂಬುದು ನನ್ನ ಸಲಹೆ.

ಕುಂದಾಪ್ರಿಯ, ಬೆಳಗಾವಿ

ವಿಜಯಪುರದವರ ಲೆಕ್ಕ ಸರಿಯಾಗಿದೆ, ತೀರ್ಮಾನಕ್ಕೆ ಮಾತ್ರ ನನ್ನ ಪೂರ್ಣ ಸಮ್ಮತಿಯಿಲ್ಲ. ಕಂಪನಿಗಳು ಹೊಸ ವರ್ಷದ ಮಾದರಿಗಳನ್ನು ಜನವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್ ಮೇಳದಲ್ಲಿ ತೋರಿಸುತ್ತವೆ. ಅವು ನಮ್ಮ ಅಂಗಡಿಗಳಿಗೆ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಗ ಹಿಂದಿನ ವರ್ಷದ ಮಾದರಿಗಳನ್ನು ಗೋದಾಮಿನಿಂದ ಖಾಲಿ ಮಾಡುವ ಅವಸರ ವ್ಯಾಪಾರಿಗಳಿಗೆ ಇರುತ್ತದೆ. ಆದ್ದರಿಂದ ದೀಪಾವಳಿಯವರೆಗೂ ಬೇಡ, ಯುಗಾದಿಗೇ ಆಗಬೇಕೆಂಬ ಹಟವೂ ಬೇಡ. ಹಳೆಯ ಟಿ.ವಿ. ಗೆರೆಗಳ ನಡುವೆಯೇ ಇನ್ನಷ್ಟು ದಿನ ನಡೆಯುವುದಾದರೆ, ಈಗ ನಿಮಗೆ ಎಟುಕದ ಒಂದು ಮೇಲಿನ ಮಾದರಿಯನ್ನು ಗುರುತಿಸಿಟ್ಟುಕೊಂಡು ಅದರ ಬೆಲೆಯ ಮೇಲೆ ಕಣ್ಣಿಡಿ. ಗೆರೆಗಳು ಹೆಚ್ಚಿ ಅವ್ವನವರ ಧಾರಾವಾಹಿ ನಿಂತರೆ ಕಾಯುವ ಪ್ರಶ್ನೆಯೇ ಉಳಿಯುವುದಿಲ್ಲ, ಬಿಡಿ.

ಹೊಸ ತಂತ್ರಜ್ಞಾನಕ್ಕಾಗಿ ಕಾಯುವುದಂತೂ ಮುಗಿಯದ ಕೆಲಸ. 2010ರಲ್ಲಿ 3ಡಿ ಟಿ.ವಿ.ಗಳು ಬಂದಾಗ, ಇನ್ನು ಮನೆಮನೆಯಲ್ಲಿ ಕನ್ನಡಕ ಹಾಕಿಕೊಂಡೇ ಕೂರುತ್ತಾರೆಂಬಂತೆ ಪ್ರಚಾರ ನಡೆದಿತ್ತು. 2017ರ ಹೊತ್ತಿಗೆ ಎಲ್‌ಜಿ, ಸೋನಿಗಳೂ ಅದನ್ನು ಕೈಬಿಟ್ಟವು. ನಿಮ್ಮ ತಮ್ಮ ಹೇಳುವ ಮಿನಿ ಎಲ್‌ಇಡಿ ಆ ಜಾತಿಯದಲ್ಲ, ಅದರಲ್ಲಿ ಸತ್ವವಿದೆ. ಪರದೆಯ ಹಿಂದಿನ ದೀಪಗಳು ಸಣ್ಣವಾಗಿ, ಬಹಳವಾಗಿ, ಗುಂಪುಗುಂಪಾಗಿ ಆರುವುದರಿಂದ ಕತ್ತಲೆಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಬೆಳಕಿನ ದೃಶ್ಯ ಹೊಳೆಯುತ್ತದೆ. ಆದರೆ ಆ ಹೊಳಪಿನ ಪೂರ್ಣ ಲಾಭ ಸಿಗುವುದು ಎಚ್‌ಡಿಆರ್ ಚಿತ್ರಗಳಲ್ಲಿ, ಅಂದರೆ ಬೆಳಕು ಕತ್ತಲೆಗಳ ನಡುವೆ ಹೆಚ್ಚಿನ ಅಂತರವಿಟ್ಟು ತಯಾರಿಸಿದ ಚಿತ್ರಗಳಲ್ಲಿ. ನಿಮ್ಮ ಮನೆಯ ಧಾರಾವಾಹಿಗೂ ಸುದ್ದಿಗೂ ಅದರ ಹಂಗಿಲ್ಲ.

ಅದಕ್ಕಿಂತ ನೀವು ನೋಡಬೇಕಾದದ್ದು ಪ್ಯಾನೆಲ್ಲಿನ ಬಗೆಯನ್ನು. ವಿಎ ಪ್ಯಾನೆಲ್ಲಿನಲ್ಲಿ ಎದುರಿಗೆ ಕುಳಿತವರಿಗೆ ಚಿತ್ರ ಗಾಢವಾಗಿ ಕಾಣುತ್ತದೆ, ಪಕ್ಕದಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್‌ನಲ್ಲಿ ಪಕ್ಕದಿಂದಲೂ ಬಣ್ಣ ಹೆಚ್ಚು ಕೆಡದು, ಕತ್ತಲೆ ಕೋಣೆಯಲ್ಲಿ ಮಾತ್ರ ಕಪ್ಪು ಬೂದಿಯಂತಾಗುತ್ತದೆ. ವಿಮರ್ಶೆ ಬರೆಯುವವರೆಲ್ಲ ವಿಎ ಪ್ಯಾನೆಲ್ಲನ್ನೇ ಹೊಗಳುತ್ತಾರೆ. ಅವರು ಎದುರಿಗೆ ಒಂದೇ ಕುರ್ಚಿ ಹಾಕಿಕೊಂಡು ಒಬ್ಬರೇ ನೋಡುವವರು. ಪಡಸಾಲೆಯಲ್ಲಿ ದೀಪ ಉರಿಯುತ್ತಿರುವಾಗ ಮನೆಮಂದಿಯೆಲ್ಲ ಅಲ್ಲಲ್ಲಿ ಕುಳಿತು ನೋಡುವ ಮನೆಗೆ, ಅಪ್ಪನವರ ಮಂಚ ಬದಿಗಿರುವ ಮನೆಗೆ, ಐಪಿಎಸ್ ಹೊಂದುತ್ತದೆಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಅವರು ಹಾಕಿಟ್ಟ ಹೊಳೆಯುವ ದೃಶ್ಯಗಳನ್ನು ಬಿಟ್ಟು, ಒಂದು ಕನ್ನಡ ವಾಹಿನಿ ಹಾಕಿಸಿ ಬದಿಗೆ ಸರಿದು ನೋಡಿ. ಮಾರುವವರ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ದುರಸ್ತಿ ಅಂಗಡಿ, ಜಮಖಂಡಿ

ನಾನು ಟಿ.ವಿ. ದುರಸ್ತಿ ಮಾಡುವವ. ಯಾವಾಗ ಕೊಳ್ಳಬೇಕೆಂಬ ಚರ್ಚೆ ಮೇಲಿನವರಿಗಿರಲಿ. ಕೊಂಡ ಮೇಲೆ ಏನಾಗುತ್ತದೆಂಬುದನ್ನು ಹೇಳುತ್ತೇನೆ.

ದೊಡ್ಡ ಟಿ.ವಿ.ಯ ಬೆಲೆಯಲ್ಲಿ ಹೆಚ್ಚಿನ ಪಾಲು ಪ್ಯಾನೆಲ್ಲಿನದೇ. ಪ್ಯಾನೆಲ್ ಒಡೆದರೆ ದುರಸ್ತಿ ಎಂಬ ಮಾತೇ ಇಲ್ಲ, ಬದಲಿಸುವ ಖರ್ಚು ಹೊಸ ಟಿ.ವಿ.ಯ ಬೆಲೆಗೆ ಹತ್ತಿರ ಬರುತ್ತದೆ, ಒಡೆದದ್ದಕ್ಕೆ ವಾರಂಟಿಯೂ ಅನ್ವಯಿಸುವುದಿಲ್ಲ. ಬಾಗಲಕೋಟೆಯಿಂದ ಗುಳೇದಗುಡ್ಡಕ್ಕೆ ತರುವಾಗ ಪೆಟ್ಟಿಗೆಯನ್ನು ನಿಲ್ಲಿಸಿಯೇ ತರಬೇಕು. ಗಾಡಿಯಲ್ಲಿ ಅಡ್ಡ ಮಲಗಿಸಿ ಮೇಲೆ ಬೇರೆ ಸಾಮಾನು ಹೇರಿದರೆ ರಸ್ತೆಯ ಒಂದೇ ಕುಲುಕಿಗೆ ಒಳಗೆ ಬಿರುಕು ಬೀಳುತ್ತದೆ. ಆನ್‌ಲೈನಿನಲ್ಲಿ ತರಿಸುವುದಾದರೆ ತಂದವರ ಎದುರಿಗೇ ಪೆಟ್ಟಿಗೆ ತೆರೆದು, ಹಚ್ಚಿ ನೋಡಿ, ವಿಡಿಯೊ ಮಾಡಿಟ್ಟುಕೊಳ್ಳಿ.

ವೋಲ್ಟೇಜ್ ಏರಿಳಿತದ ಬಗ್ಗೆ ಎಲ್ಲರೂ ಕೇಳುತ್ತಾರೆ. ಟಿ.ವಿ.ಯ ಹಿಂಬದಿಯಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜ್ ಇಳಿದಾಗ ಅದು ತಾನೇ ಹೊಂದಿಕೊಳ್ಳುತ್ತದೆ, ಪ್ರತ್ಯೇಕ ಸ್ಟೆಬಿಲೈಸರ್ ಬಹುಮಟ್ಟಿಗೆ ಬೇಕಾಗುವುದಿಲ್ಲ. ಸುಡುವುದು ಒಮ್ಮೆಲೇ ನುಗ್ಗುವ ಹೆಚ್ಚಿನ ವಿದ್ಯುತ್ತಿನಿಂದ. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ. ಆದರೆ ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬಂದಾಗ ಜನ ಪ್ಲಗ್ ತೆಗೆಯುತ್ತಾರೆ, ಮಾಳಿಗೆಯ ಮೇಲಿನಿಂದ ಇಳಿದ ಕೇಬಲ್ಲಿನ ತಂತಿಯನ್ನು ಹಾಗೇ ಬಿಡುತ್ತಾರೆ. ನನ್ನ ಅಂಗಡಿಗೆ ಬರುವ ಸುಟ್ಟ ಬೋರ್ಡುಗಳಲ್ಲಿ ಎಚ್‌ಡಿಎಂಐ ಭಾಗವೇ, ಅಂದರೆ ಸೆಟ್ ಟಾಪ್ ಬಾಕ್ಸಿನ ತಂತಿ ಸಿಕ್ಕಿಸುವ ಜಾಗವೇ, ಹೋಗಿರುವುದು ಇದರಿಂದ. ಎರಡನ್ನೂ ತೆಗೆಯಬೇಕು. ಇನ್ವರ್ಟರ್ ಮೇಲೆ ನಡೆಸುವುದಾದರೆ ಸೈನ್ ವೇವ್ ಇನ್ವರ್ಟರ್ ಇರಲಿ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ‘ವಿವಿಡ್’ ಎಂಬ ವಿಧಾನದಲ್ಲಿ ಬೆಳಕನ್ನು ನೂರಕ್ಕೆ ನೂರು ಇಟ್ಟಿರುತ್ತಾರೆ. ಮನೆಯಲ್ಲೂ ಹಾಗೇ ಬಿಟ್ಟರೆ ಪರದೆಯ ಹಿಂದಿನ ಎಲ್‌ಇಡಿ ಪಟ್ಟಿಗಳು ಕಾದು ಬೇಗ ಕೈಕೊಡುತ್ತವೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಬೆಳಕನ್ನು ಅರ್ಧದ ಆಸುಪಾಸಿಗೆ ತಂದರೆ ಟಿ.ವಿ.ಯ ಆಯುಷ್ಯವೂ ಹೆಚ್ಚುತ್ತದೆ, ವಿದ್ಯುತ್ತೂ ಉಳಿಯುತ್ತದೆ. 120 ವ್ಯಾಟಿನ ಟಿ.ವಿ. ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಪಡಿಸಿದ ಮಿತಿಯ ಅಂಚಿನಲ್ಲಿ ನೀವಿದ್ದರೆ, ದಾಟಿದ ಯೂನಿಟ್ಟುಗಳಿಗೆ ಬಿಲ್ ಬರುತ್ತದೆ ಎಂಬುದು ನೆನಪಿರಲಿ.

ಟಿ.ವಿ.ಯಲ್ಲಿರುವ ಆ್ಯಪ್‌ಗಳು ಕೆಲವು ವರ್ಷಗಳಲ್ಲಿ ನಿಧಾನವಾಗುತ್ತವೆಂದು ಹೆದರಿ ಕಾಯಬೇಡಿ. ಆಗ ಆ್ಯಪ್‌ಗಳನ್ನು ನಡೆಸುವ ಸ್ಟಿಕ್ ತಂದು ಎಚ್‌ಡಿಎಂಐಗೆ ಸಿಕ್ಕಿಸಿದರಾಯಿತು. ಬದಲಾಗಿ ಆ ಕಂಪನಿಯ ಸರ್ವಿಸಿನವರು ನಿಮ್ಮ ಊರಿಗೆ ಎಲ್ಲಿಂದ ಬರುತ್ತಾರೆಂದು ಕೊಳ್ಳುವ ಮೊದಲೇ ಕೇಳಿ. ₹5,000 ಕಡಿಮೆಗೆ ಸಿಗುತ್ತದೆಂದು ಹೆಸರು ಕೇಳದ ಟಿ.ವಿ. ಒಯ್ದವರು ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯುವುದನ್ನು ನೋಡುತ್ತಲೇ ಇದ್ದೇನೆ.

ಖಣದೂರಿನವ, ಗುಳೇದಗುಡ್ಡ

ಮೂವರಿಗೂ ಧನ್ಯವಾದಗಳು. ಮೊದಲು ಫೈಬರನ್ನೂ ಎಚ್‌ಡಿ ಬಾಕ್ಸನ್ನೂ ಹಾಕಿಸಿಕೊಳ್ಳುತ್ತೇನೆ. ಅದಕ್ಕೆ ಹಳೆಯ ಟಿ.ವಿ.ಯೂ ಸಾಕು. ಆ ನಡುವೆ ಎರಡು ಐಪಿಎಸ್ ಮಾದರಿಗಳನ್ನು ಗುರುತಿಸಿಟ್ಟುಕೊಂಡು, ಬೇಸಿಗೆಯೊಳಗೆ ಬೆಲೆ ಇಳಿದರೆ ಸರಿ, ಇಳಿಯದಿದ್ದರೂ ಮಳೆಗಾಲಕ್ಕೆ ಮುಂಚೆ ತರುವುದೆಂದು ಮನೆಯಲ್ಲಿ ಒಪ್ಪಿದ್ದಾರೆ. ದೀಪಾವಳಿಯ ಮಾತನ್ನು ತಮ್ಮನಿಗೇ ಬಿಟ್ಟಿದ್ದೇನೆ. ಒಂದು ಸಂಶಯ ಉಳಿದಿದೆ: ನಮ್ಮ ಗೋಡೆ ಕಲ್ಲಿನದು, ನಡುವೆ ಮಣ್ಣಿನ ಕೆಸರು, ಮೇಲೆ ತೆಳು ಗಾರೆ. ಅದಕ್ಕೆ 55 ಇಂಚಿನ ಟಿ.ವಿ. ತೂಗುಹಾಕಬಹುದೇ?

ದುರಸ್ತಿ ಅಂಗಡಿ, ಜಮಖಂಡಿ

55 ಇಂಚಿನ ಟಿ.ವಿ. ಸಾಮಾನ್ಯವಾಗಿ 20 ಕಿಲೊ ಒಳಗೇ ಇರುತ್ತದೆ, ತೂಕ ದೊಡ್ಡ ಮಾತಲ್ಲ. ಮೊಳೆ ಎಲ್ಲಿ ಕೂರುತ್ತದೆಂಬುದು ಮುಖ್ಯ. ಕಲ್ಲುಗಳ ನಡುವಿನ ಮಣ್ಣಿನ ಸಂದಿಯಲ್ಲಿ ಮೊಳೆ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ಇಂದಲ್ಲ ನಾಳೆ ಸಡಿಲಾಗುತ್ತದೆ. ತೂತು ಕಲ್ಲಿನೊಳಗೇ ಬೀಳಬೇಕು. ಕಂಪನಿಯಿಂದ ಬರುವ ಹುಡುಗರು ಅವಸರದಲ್ಲಿರುತ್ತಾರೆ, ಗಾರೆಯ ಕೆಳಗೆ ಕಲ್ಲು ಎಲ್ಲಿದೆಯೆಂದು ನೋಡುವುದಿಲ್ಲ. ಅವರು ಬರುವ ಮೊದಲೇ ಗೌಂಡಿಯನ್ನು ಕರೆಸಿ, ಗೋಡೆ ತಟ್ಟಿ ನೋಡಿ ಗುರುತು ಹಾಕಿಸಿಡಿ. ಗುರುತುಗಳು ಟಿ.ವಿ. ತೂಗುಹಾಕುವ ಪಟ್ಟಿಯ ತೂತುಗಳಿಗೆ ಹೊಂದದಿದ್ದರೆ ಗಟ್ಟಿ ಹಲಗೆಯೊಂದನ್ನು ನಾಲ್ಕು ಕಡೆ ಕಲ್ಲಿಗೆ ಬಿಗಿದು, ಪಟ್ಟಿಯನ್ನು ಆ ಹಲಗೆಗೆ ಹಾಕಿಸಿ. ಗೋಡೆಯ ಗೂಡಿನೊಳಗೆ ಮಾತ್ರ ಇಡಬೇಡಿ, ಬಿಸಿ ಗಾಳಿ ಹೊರಗೆ ಹೋಗದು. ಎತ್ತರದ ಬಗ್ಗೆ: ಮಂಚದ ಮೇಲೆ ಕುಳಿತ ಅಪ್ಪನವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಲಿ, ಅದಕ್ಕಿಂತ ಮೇಲೇರಿಸಿದರೆ ನೆಲದ ಮೇಲೆ ಕೂರುವ ಮಕ್ಕಳ ಕುತ್ತಿಗೆ ನೋಯುತ್ತದೆ.