ಹಳೆ ಆಕ್ಟೇವಿಯಾ ಆರ್‌ಎಸ್, ಟರ್ಬೊಗೆ 1 ಲಕ್ಷ 15 ಸಾವಿರ: ಹಾಕಿಸಲಾ, ಮಾರಲಾ?

ಹುಬ್ಬಳ್ಳಿ ಆರ್‌ಎಸ್:

ನಮಸ್ಕಾರ ರೀ ಎಲ್ಲರಿಗೂ. ನನ್ನ ಹತ್ತಿರ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ, 1.8 ಟರ್ಬೊ ಪೆಟ್ರೋಲ್. ಸೋದರಮಾವ ಹೊಸದಾಗಿ ತಗೊಂಡಿದ್ದ ಗಾಡಿ. ಅವರಿಗೆ ಮೊಣಕಾಲು ನೋವು ಶುರುವಾಗಿ ಕ್ಲಚ್ ತುಳಿಯುವುದು ಕಷ್ಟವಾದ ಮೇಲೆ ಕೀಲಿ ನನ್ನ ಕೈಗೆ ಬಂತು. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ.

ತೊಂದರೆ ಇಷ್ಟು. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಗಾಡಿ ಎಳೆಯುವುದೇ ಇಲ್ಲ. ಮೊದಲು ಸೀಟು ಬೆನ್ನಿಗೆ ಒತ್ತುತ್ತಿತ್ತು. ಈಗ ಬೈಪಾಸಿನಲ್ಲಿ ಲಾರಿ ಹಿಂದೆ ಹಾಕಬೇಕಾದರೂ ಯೋಚನೆ ಮಾಡಬೇಕು. ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಒಳಗಿಂದ ಉಸ್ ಅಂತ ಗಾಳಿ ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ ಏರಿ ಇಳಿಯುತ್ತೆ. ನೀಲಿ ಹೊಗೆ ಇಲ್ಲ. ಆಯಿಲ್ ಕೂಡ ಕಮ್ಮಿ ಆಗಿಲ್ಲ.

ಇಲ್ಲಿನ ಒಂದು ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ಬಂದು "ಟರ್ಬೊ ಹೋಗಿದೆ" ಅಂದರು, ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗ. ಎಸ್ಟಿಮೇಟ್ ಹೀಗಿದೆ: ಹೊಸ ಟರ್ಬೊ ಲೇಬರ್ ಸೇರಿ 1,15,000, ಮುಂದಿನ ಸಸ್ಪೆನ್ಷನ್ ಪೂರ್ತಿ 42,000, ಎಸಿ ಕಂಪ್ರೆಸರ್ 28,000. ಗಾಡಿ ಮಾರಿದರೂ ಇಷ್ಟು ದುಡ್ಡು ಬರುತ್ತೋ ಇಲ್ಲವೋ. ಮನೆಯವಳು "ಇದೇ ದುಡ್ಡಲ್ಲಿ ಹೊಸ ಕಾರಿಗೆ ಡೌನ್ ಪೇಮೆಂಟ್ ಕಟ್ಟಬಹುದು" ಅಂತಾಳೆ, ಅದರಲ್ಲಿ ತಪ್ಪೇನೂ ಇಲ್ಲ. ಇಂಥ ಗಾಡಿ ಇಟ್ಟುಕೊಂಡವರು ವರ್ಷಕ್ಕೆ ನಿಜವಾಗಿ ಎಷ್ಟು ಸುರೀತೀರಿ, ಹೇಳಿ.

ಕುಡ್ಲ ಡ್ರೈವರ್:

ಮಾರಾಯ್ರೆ, ಕೊಟ್ಟುಬಿಡಿ. ನನ್ನ ಹತ್ತಿರವೂ ಒಂದು ಹಳೆ ಹಾಟ್ ಹ್ಯಾಚ್ (ಜೋರು ಇಂಜಿನ್ನಿನ ಸಣ್ಣ ಕಾರು) ಇತ್ತು. ಹೆಸರು ಹೇಳುವುದಿಲ್ಲ, ಈಗಿನ ಓನರ್ ಇಲ್ಲೇ ಓದುತ್ತಾ ಇರಬಹುದು. ಇಂಜಿನ್ ಒಂದು ದಿನವೂ ಕೈ ಕೊಟ್ಟಿಲ್ಲ. ಆದರೆ ಒಂದು ಪವರ್ ಸ್ಟೀರಿಂಗ್ ಹೋಸ್ ಸಿಗದೆ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಹೋಸ್ ಬರುವಷ್ಟರಲ್ಲಿ ಇಲಿ ವೈರಿಂಗ್ ತಿಂದು ಮುಗಿಸಿತ್ತು. ಖರ್ಚಿಗಿಂತ ಈ ಕಾಯುವುದೇ ದೊಡ್ಡ ಕಿರಿಕಿರಿ. ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದಿದ್ದರೆ ಈ ಸಹವಾಸ ಬೇಡ.

ಟರ್ಬೊ ಮಾಮ, ಬೆಂಗಳೂರು:

ತಡೀರಿ, ತಡೀರಿ. ಟರ್ಬೊಗೆ ಯಾರೂ ಕೈ ಹಾಕಬೇಡಿ.

ನನ್ನದೂ ಇದೇ ಗಾಡಿ, ಇದೇ ಇಂಜಿನ್. ಅದರ ಮೇಲಿನ ಖರ್ಚೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೀನಿ. ನನ್ನದು, ಪರಿಚಯದವರದು ಎಲ್ಲ ನೋಡಿ ಹೇಳ್ತೀನಿ, ಹಳೆ ಟರ್ಬೊ ಗಾಡಿ ಇಟ್ಟವರು ಕೆಟ್ಟುಹೋದ ಪಾರ್ಟ್‌ಗಿಂತ ಕೆಡದೇ ಇದ್ದ ಪಾರ್ಟ್ ಬದಲಿಸಿದ್ದಕ್ಕೇ ಜಾಸ್ತಿ ದುಡ್ಡು ಕೊಟ್ಟಿರುತ್ತಾರೆ.

ನೀವು ಹೇಳಿದ್ದನ್ನೇ ನೋಡಿ. ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ, ಉಸ್ ಸದ್ದು, ಐಡ್ಲಿಂಗ್ ಆಟ. ಇದು ಗಾಳಿ ಸೋರಿಕೆ ಥರ ಕಾಣುತ್ತೆ. ಟರ್ಬೊ ಒತ್ತಿ ಕಳಿಸಿದ ಗಾಳಿ ಇಂಜಿನ್ ಮುಟ್ಟುವ ಮುಂಚೆ ಎಲ್ಲೋ ಆಚೆ ಹೋಗುತ್ತಿದೆ. ಇಪ್ಪತ್ತು ವರ್ಷದ ರಬ್ಬರು, ಮೇಲೆ ಬಾನೆಟ್ ಒಳಗಿನ ಬಿಸಿ. ಸೀಳದೆ ಇರುತ್ತಾ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಟರ್ಬೊ ಪೈಪಿನ ಸಾಲಿನಲ್ಲಿ ಡೈವರ್ಟರ್ ವಾಲ್ವ್ ಅಂತ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇರುತ್ತೆ, ಅಂಗೈಯಲ್ಲಿ ಹಿಡಿಸುವಷ್ಟು. ಅದಕ್ಕೆ ಎರಡು ದಪ್ಪ ಹೋಸ್, ಒಂದು ಸಣ್ಣ ಹೋಸ್. ಇಂಜಿನ್ ತಣ್ಣಗಿದ್ದಾಗ ಕ್ಲಾಂಪ್ ಬಿಚ್ಚಿ ಹೊರಗೆ ತೆಗೀರಿ. ದಪ್ಪ ಬಾಯಿಯೊಳಗೆ ಬೆರಳು ಹಾಕಿ ಒಳಗಿನ ಬಿಲ್ಲೆಯನ್ನು ಮೇಲಕ್ಕೆ ಒತ್ತಿ. ಒತ್ತಿ ಹಿಡಿದುಕೊಂಡೇ ಸಣ್ಣ ಹೋಸಿನ ಬಾಯಿಯನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ. ಈಗ ಒತ್ತಿದ ಬೆರಳು ತೆಗೀರಿ. ಬಿಲ್ಲೆ ಮೇಲೇ ನಿಂತರೆ ಒಳಗಿನ ಡಯಾಫ್ರಾಮ್ ಸರಿಯಿದೆ. ಕೆಳಗಿಳಿದು ಬಂದರೆ ಹರಿದಿದೆ. ಹೊಸದಕ್ಕೆ ಪಾರ್ಟ್ ನಂಬರ್ 06ಎ 145 710 ಎನ್. ನನಗೆ ಆರು ಸಾವಿರದ ಒಳಗೆ ಆಯ್ತು.

ಅದು ಸರಿಯಿದ್ದರೆ ಸ್ಮೋಕ್ ಟೆಸ್ಟ್ ಮಾಡಿಸಿ. ಇನ್‌ಟೇಕ್ ಪೈಪಿಗೆ ಹೊಗೆ ಬಿಡ್ತಾರೆ, ಎಲ್ಲಿ ತೂತಿದೆಯೋ ಅಲ್ಲಿಂದ ಅದು ಹೊರಗೆ ಬರುತ್ತೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಬ್ರೀದರ್ ಹೋಸ್‌ಗಳ (ಇಂಜಿನ್ ಒಳಗಿನ ಆವಿ ಸಾಗಿಸುವ ಪೈಪುಗಳ) ಒಂದು ಗೊಂಚಲೇ ಇದೆ. ಮೇಲಿಂದ ಕಣ್ಣಿಗೆ ಕಾಣಲ್ಲ, ಮುಟ್ಟಿದರೆ ಬಿಸ್ಕೆಟ್ ಥರ ಪುಡಿಯಾಗುತ್ತೆ. ಹಾಗೇ ಸ್ಕೋಡಾ ಸೇರಿದ ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳನ್ನು ಓದುವ ವಿಸಿಡಿಎಸ್ ಸ್ಕ್ಯಾನರ್ ಇರುವ ಕಡೆ ಹೋಗಿ. ಇಂಜಿನ್ ಕಂಪ್ಯೂಟರ್ ಎಷ್ಟು ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಕೇಳಿತು, ಎಷ್ಟು ಸಿಕ್ಕಿತು ಅನ್ನುವುದನ್ನು ಗಾಡಿ ಓಡುತ್ತಿರುವಾಗಲೇ ಅದು ತೋರಿಸುತ್ತೆ.

ಇನ್ನು ನಿಮ್ಮ ಎಸ್ಟಿಮೇಟಿನಲ್ಲಿ ಇಲ್ಲದ ವಿಷಯ. ಪಿಸ್ಟನ್, ವಾಲ್ವ್ ಎರಡನ್ನೂ ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು? ಮಾವನ ಫೈಲ್ ಹುಡುಕಿ. ಬಿಲ್ ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಈ ಇಂಜಿನ್‌ನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಬಂದು ತೆರೆದಿರುವ ವಾಲ್ವಿಗೆ ಗುದ್ದುತ್ತೆ. ಒಂದು ಸಿಲಿಂಡರಿಗೆ ಐದರಂತೆ ಒಟ್ಟು ಇಪ್ಪತ್ತು ವಾಲ್ವ್. ಹೆಡ್ ಬಿಚ್ಚಿದ ಮೇಲೆ ಬರುವ ಬಿಲ್ ನೋಡಿದರೆ ಟರ್ಬೊ ಎಸ್ಟಿಮೇಟೇ ಅಗ್ಗ ಅನ್ನಿಸುತ್ತೆ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಮಾಡಿಸಿ. ಪಂಪ್ ತಿರುಗುವುದೂ ಅದೇ ಬೆಲ್ಟಿನಲ್ಲಿ, ಬಿಚ್ಚುವ ಲೇಬರ್ ಒಂದೇ. ಪ್ಲಾಸ್ಟಿಕ್ ರೆಕ್ಕೆಯ ಪಂಪ್ ಕೊಟ್ಟರೆ ಬೇಡ ಅನ್ನಿ, ಲೋಹದ ರೆಕ್ಕೆಯದು ಕೇಳಿ ತಗೊಳ್ಳಿ. ನನಗೆ ಎಲ್ಲ ಸೇರಿ 24 ಸಾವಿರ ಬಿತ್ತು. ಕೈಯಲ್ಲಿರುವ ದುಡ್ಡು ಮೊದಲು ಇಲ್ಲಿಗೇ ಹೋಗಲಿ. ಎಸಿ ಕಾಯಲಿ. (ಹುಬ್ಬಳ್ಳಿ ಬಿಸಿಲಲ್ಲಿ ನನ್ನ ಬೈಕೋಬೇಡಿ.)

ಸಸ್ಪೆನ್ಷನ್ ದೊಡ್ಡ ತಲೆನೋವಲ್ಲ. 1.9 ಟಿಡಿಐ ಡೀಸೆಲ್ ಆಕ್ಟೇವಿಯಾ ನಮ್ಮಲ್ಲಿ ಬೇಕಾದಷ್ಟು ಓಡಿದೆ. ಹಾಗಾಗಿ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟ್ ಎಲ್ಲ ನಮ್ಮ ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಸಿಗುತ್ತವೆ. ಪೂರ್ತಿ ಆರ್ಮ್ ಬದಲು ಅದರೊಳಗಿನ ರಬ್ಬರ್ ಬುಷ್ ಮಾತ್ರ ಪ್ರೆಸ್ ಮಾಡಿಸಿದರೆ ಅರ್ಧಕ್ಕಿಂತ ಕಮ್ಮಿಯಲ್ಲಿ ಮುಗಿಯುತ್ತೆ. ಆದರೆ ಯಾರಾದರೂ "ಲಾರಾದ (ಸ್ಕೋಡಾದ್ದೇ ಆಮೇಲಿನ ಕಾರು) ಇಂಜಿನ್ ಪಾರ್ಟ್ ಇದಕ್ಕೂ ಆಗುತ್ತೆ ಸಾರ್" ಅಂದರೆ ಎದ್ದು ಬನ್ನಿ. 2011ರಲ್ಲಿ ಬಂದ ಲಾರಾ ಆರ್‌ಎಸ್‌ ಕೂಡ 1.8 ಟರ್ಬೊ ಪೆಟ್ರೋಲೇ, ಆದರೆ ಇಂಜಿನ್ನೇ ಬೇರೆ. ಅದರಲ್ಲಿ ಟೈಮಿಂಗ್ ಬೆಲ್ಟೂ ಇಲ್ಲ, ಚೈನು.

ವರ್ಷದ ಖರ್ಚು ಕೇಳಿದ್ರಿ. ಪೆಟ್ರೋಲ್, ಇನ್ಶೂರೆನ್ಸ್ ಬಿಟ್ಟು ಸಾಧಾರಣವಾಗಿ 35–40 ಸಾವಿರ. ಕ್ಲಚ್ ಮಾಡಿಸಿದ ವರ್ಷ ಲಕ್ಷ ದಾಟಿತು. ಗಾಡಿಯ ಮಾರ್ಕೆಟ್ ಬೆಲೆ ಪಕ್ಕ ಇಟ್ಟು ನೋಡಿದರೆ ಹುಚ್ಚುತನವೇ. ಆದರೆ ಹೊಸ ಕಾರು ಮೊದಲ ವರ್ಷ ಕಳೆದುಕೊಳ್ಳುವ ಬೆಲೆಯನ್ನು ಯಾರೂ ಖರ್ಚು ಅಂತ ಬರೆಯಲ್ಲ, ಅಲ್ವಾ? ಮನೆಯವರ ಮುಂದೆ ಇಎಂಐ ಲೆಕ್ಕ ಇಟ್ಟು ಮಾತಾಡಿ. ಕುಡ್ಲದವರು ಹೇಳಿದ್ದು ಮಾತ್ರ ನಿಜ, ಇದೊಂದೇ ಗಾಡಿ ಅಂದರೆ ಕಷ್ಟ.

ತುಮಕೂರು ಸ್ಪ್ಯಾನರ್:

ನಾನು ಗ್ಯಾರೇಜಿನವನು. ಸೋರಿಕೆ ಮೊದಲು ನೋಡಿ ಅನ್ನೋದು ಸರಿ. ಟರ್ಬೊ ಹೋಗಿದೆಯಾ ಅಂತ ತಿಳಿಯೋಕೆ ರೌಂಡ್ ಹೊಡೆಯೋದು ಸಾಲದು. ಏರ್ ಪೈಪ್ ಬಿಚ್ಚಿ ಟರ್ಬೊ ಒಳಗೆ ರೆಕ್ಕೆ ತಿರುಗುವ ಶಾಫ್ಟ್ ಹಿಡಿದು ಅಲ್ಲಾಡಿಸಬೇಕು. ಅಕ್ಕಪಕ್ಕ ಒಂದು ಚೂರು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ಇಲ್ಲಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಹೋಗಿದೆ ಅಂತ. ಆಗಲೂ ಹೊಸದೇ ಬೇಕಿಲ್ಲ. ಒಳಗಿನ ಕಾರ್ಟ್ರಿಜ್ (ಶಾಫ್ಟ್, ಬೇರಿಂಗ್, ರೆಕ್ಕೆ ಸೇರಿದ ಸೆಟ್) ಬದಲಿಸಿ ಬ್ಯಾಲೆನ್ಸ್ ಮಾಡಿ ಕೊಡುವವರಿದ್ದಾರೆ, ನಿಮ್ಮ ಎಸ್ಟಿಮೇಟಿನ ಅರ್ಧವೂ ಆಗಲ್ಲ. ಬ್ಯಾಲೆನ್ಸಿಂಗ್ ರಿಪೋರ್ಟ್ ಕೈಗೆ ಬರದೆ ದುಡ್ಡು ಕೊಡಬೇಡಿ. ಟರ್ಬೊಗೆ ಆಯಿಲ್ ಹೋಗುವ ಪೈಪೂ ಜೊತೆಗೇ ಬದಲಿಸಿ. ಅದರೊಳಗೆ ಸುಟ್ಟ ಆಯಿಲ್ ಕರಿ ಕಟ್ಟಿದ್ದರೆ ಹೊಸ ಟರ್ಬೊನೂ ಉಳಿಯಲ್ಲ.

ಬುಷ್ ಮಾತ್ರ ಪ್ರೆಸ್ ಮಾಡಿಸೋದನ್ನ ನಾನು ಒಪ್ಪಲ್ಲ ಮಾಮ. ಹಳೆ ಬಾಲ್ ಜಾಯಿಂಟ್ ಜೊತೆ ಹೊಸ ಬುಷ್ ಹಾಕಿದರೆ ಸ್ವಲ್ಪ ದಿನಕ್ಕೆ ಮತ್ತೆ ಕಟ ಕಟ ಶುರು. ಬಿಚ್ಚೋ ಲೇಬರ್, ಅಲೈನ್‌ಮೆಂಟ್ ಎಲ್ಲ ಎರಡೆರಡು ಸಲ.

ಹುಬ್ಬಳ್ಳಿ ಆರ್‌ಎಸ್:

ಎಲ್ಲರಿಗೂ ಥ್ಯಾಂಕ್ಸ್ ರೀ. ಡೈವರ್ಟರ್ ವಾಲ್ವ್ ಬಿಚ್ಚಿ ನೋಡಿದೆ. ಬಿಲ್ಲೆ ನಿಂತೇ ಇತ್ತು, ಅದು ಸರಿಯಿದೆ. ಸ್ಮೋಕ್ ಟೆಸ್ಟ್ ಮಾಡಿಸೋಕೆ ಬೆಳಗಾವಿಗೆ ಹೋಗಿದ್ದೆ. ಮ್ಯಾನಿಫೋಲ್ಡ್ ಕೆಳಗಿನ ಬ್ರೀದರ್ ಹೋಸ್ ಸೀಳಿತ್ತು, ಟರ್ಬೊ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸಡಿಲ ಆಗಿತ್ತು. ಹೋಸ್, ಕ್ಲಾಂಪ್, ಲೇಬರ್ ಸೇರಿ 9,400. ಉಸ್ ಸದ್ದು ಹೋಯ್ತು, ಐಡ್ಲಿಂಗ್ ಕೂತಿದೆ. ಶಾಫ್ಟೂ ನೋಡಿದರು, ಹಿಂದೆ ಮುಂದೆ ಆಟ ಇಲ್ಲ. ಆದರೆ ನಾಲ್ಕೂವರೆ ಸಾವಿರದ ಮೇಲೆ ಇನ್ನೂ ಸ್ವಲ್ಪ ಜಡ. ಇಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ರೀಡಿಂಗ್ ಕಮ್ಮಿ ಬರ್ತಿದೆ, ಬದಲಿಸಿ ಅಂದರು.

ಮಾವನ ಫೈಲಲ್ಲಿ ಬೆಲ್ಟಿನ ಬಿಲ್ ಸಿಕ್ತು. 2014ರದು. ಇನ್ನೊಂದು, ಎಫ್‌ಸಿ, ಅಂದರೆ ಹಳೆ ಗಾಡಿ ತಪಾಸಣೆ ಮಾಡಿಸಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸುವ ಡೇಟ್ ಬಂದಿದೆ. ಅದಕ್ಕೆ ಎಷ್ಟಾಗುತ್ತೆ?

ಟರ್ಬೊ ಮಾಮ, ಬೆಂಗಳೂರು:

2014ರ ಬೆಲ್ಟಿನಲ್ಲಿ ಬೆಳಗಾವಿಗೆ ಹೋಗಿ ಬಂದ್ರಾ! ದೇವರು ದೊಡ್ಡವನು. ಇನ್ನು ಸ್ಟಾರ್ಟ್ ಮಾಡಬೇಡಿ. ಬೆಲ್ಟಿಗೆ ಟೋ ಮಾಡಿಸಿಯೇ ಕಳಿಸಿ.

ಸೆನ್ಸರ್ ಈಗಲೇ ತಗೋಬೇಡಿ. ಬೆಲ್ಟ್ ಆದ ಮೇಲೆ ಅದರ ಪ್ಲಗ್ ಬಿಚ್ಚಿಟ್ಟು ಸ್ವಲ್ಪ ದೂರ ಓಡಿಸಿ ನೋಡಿ. ಬಿಚ್ಚಿದಾಗಲೇ ಗಾಡಿ ಚೆನ್ನಾಗಿ ಎಳೆದರೆ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಆಗಲೂ ಮೊದಲು ಈ ಸೆನ್ಸರಿಗೇ ಅಂತ ಬರುವ ಕ್ಲೀನರ್ ಸ್ಪ್ರೇ ಹೊಡೆದು ನೋಡಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಬಟ್ಟೆಯಿಂದ ಒರೆಸುವುದೂ ಬೇಡ.

20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ರಿನ್ಯೂವಲ್ ಫೀ 2025ರ ಆಗಸ್ಟಿನಲ್ಲಿ 10,000 ಆಯ್ತು, ಅದಕ್ಕೆ ಮುಂಚೆ 5,000 ಇತ್ತು. ಗ್ರೀನ್ ಟ್ಯಾಕ್ಸ್ ಬೇರೆ. ರಿನ್ಯೂ ಆದರೆ ಐದು ವರ್ಷ ಚಿಂತೆ ಇಲ್ಲ. ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಚಾಲ್ತಿಯಲ್ಲಿರಲಿ, ಹೊಸ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿರಿ. ಮಾವ ಏನಾದರೂ ಸದ್ದಿನ ಸೈಲೆನ್ಸರ್ ಹಾಕಿಸಿದ್ದರೆ ಕಂಪನಿಯದನ್ನೇ ವಾಪಸ್ ಕೂರಿಸಿಕೊಂಡು ಹೋಗಿ.

ಬೆಲ್ಟ್ ಕಿಟ್ ತಗೊಳ್ಳುವಾಗ ಆರ್‌ಸಿಯಲ್ಲಿರುವ ಚಾಸಿ ನಂಬರ್ ಅಂಗಡಿಯವರಿಗೆ ವಾಟ್ಸಾಪ್ ಮಾಡಿ, ಅದಕ್ಕೆ ಹೊಂದಿಸಿ ತೆಗೆಯಲಿ. "ಆಕ್ಟೇವಿಯಾ ಪೆಟ್ರೋಲ್" ಅಂತ ಸುಮ್ನೆ ಹೇಳಿದರೆ 2.0 ಇಂಜಿನ್‌ದು ಕಟ್ಟಿ ಕಳಿಸ್ತಾರೆ.