‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’: ಪರಿಹಾರವೋ, ನೆರವೋ?

ಕೇಳಿಕೆ

ವಿದೇಶಿ ವ್ಯಾಪಾರದ ಕಾರಣಕ್ಕೆ ಕೆಲಸ ಹೋದ ಕಾರ್ಮಿಕರಿಗಾಗಿ ಅಮೆರಿಕದಲ್ಲಿದ್ದ ‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’ ಯೋಜನೆಯನ್ನು ‘ವ್ಯಾಪಾರ ಹೊಂದಾಣಿಕೆ ಪರಿಹಾರ’ ಅನ್ನಬಹುದೇ? ಜೊತೆಗೆ ‘ಡಿಸ್‌ಪ್ಲೇಸ್ಡ್ ವರ್ಕರ್ಸ್’ಗೆ ಸ್ಥಳಾಂತರಗೊಂಡ ಕಾರ್ಮಿಕರು, ‘ಲೇಡ್ ಆಫ್’ಗೆ ಲೇ-ಆಫ್ ಆದವರು, ‘ವೇಜ್ ಇನ್ಶೂರೆನ್ಸ್’ಗೆ ವೇತನ ವಿಮೆ. ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಉತ್ತರ

ಬೀಳುವುದೇ ಹೆಚ್ಚು. ಮೊದಲು ಬೀಳಬೇಕಾದದ್ದು ‘ಪರಿಹಾರ’. ನಮ್ಮಲ್ಲಿ ಪರಿಹಾರ ಅಂದರೆ ಜಮೀನು ಹೋದವರಿಗೆ, ಬೆಳೆ ಹಾಳಾದವರಿಗೆ ಕೊಡುವ ದುಡ್ಡು. ನಷ್ಟ ಆಯಿತು, ಸರ್ಕಾರ ಕೊಟ್ಟಿತು, ಲೆಕ್ಕ ಚುಕ್ತಾ. ಈ ಯೋಜನೆ ಹಾಗಲ್ಲ. ಮಾಮೂಲಿ ನಿರುದ್ಯೋಗ ಭತ್ಯೆ ಮುಗಿದ ಮೇಲೆ ವಾರವಾರದ ಭತ್ಯೆ, ಅದೂ ತರಬೇತಿಗೆ ಸೇರಿದ್ದರೆ ಮಾತ್ರ. 2015ರ ನಿಯಮದಂತೆ, ಕೆಲಸ ಹೋದ ದಿನ ಅಥವಾ ಒಂದೇ ಕಾರ್ಖಾನೆಯಲ್ಲಿ ಕೆಲಸ ಹೋದವರ ಗುಂಪಿಗೆ ಮಂಜೂರಾತಿ ಸಿಕ್ಕ ದಿನ, ಯಾವುದು ತಡವೋ ಅಲ್ಲಿಂದ 26 ವಾರದೊಳಗೆ ತರಬೇತಿಗೆ ಸೇರಬೇಕಿತ್ತು, ಇಲ್ಲವೇ ವಿನಾಯಿತಿ ಪಡೆಯಬೇಕಿತ್ತು. ಎರಡೂ ಇಲ್ಲದಿದ್ದರೆ ಭತ್ಯೆ ಕೈತಪ್ಪುತ್ತಿತ್ತು. ಆದ್ದರಿಂದ ‘ನೆರವು’ ಎಂದೇ ಬರೆಯಿರಿ.

‘ಟ್ರೇಡ್’ ಅನ್ನು ಹಾಗೇ ಬಿಟ್ಟರೆ ಐಟಿಐ ಓದಿದವರು ಫಿಟ್ಟರ್ ಟ್ರೇಡಿನಿಂದ ಟರ್ನರ್ ಟ್ರೇಡಿಗೆ ಬದಲಾಯಿಸಿಕೊಳ್ಳುವುದು ಅಂದುಕೊಂಡಾರು. ‘ಹೊಂದಾಣಿಕೆ’ಯಂತೂ ಈಗ ರಾಜಕಾರಣದವರ ಪಾಲಾಗಿದೆ, ಒಳಒಪ್ಪಂದದ ವಾಸನೆ ಹೊಡೆಯುತ್ತದೆ. ನನ್ನ ಸಲಹೆ: ‘ಆಮದು ಪೈಪೋಟಿಯಿಂದ ಕೆಲಸ ಕಳೆದುಕೊಂಡವರ ನೆರವು’.

‘ಸ್ಥಳಾಂತರಗೊಂಡ’ ಅಂದ ಕೂಡಲೇ ಕಣ್ಣಿಗೆ ಬರುವುದು ಆಲಮಟ್ಟಿ ಹಿನ್ನೀರು, ಮುಳುಗಡೆ ಊರು. ಇಲ್ಲಿ ಮನುಷ್ಯ ತನ್ನ ಮನೆಯಲ್ಲೇ ಇದ್ದಾನೆ, ಹೋದದ್ದು ಕೆಲಸ. ‘ಕೆಲಸ ಹೋದವರು’ ಸಾಕು. ಯುರೋಪಿನ ಒಕ್ಕೂಟ ಇಂಥದ್ದೇ ಉದ್ದೇಶಕ್ಕೆ 2007ರಲ್ಲಿ ಶುರುಮಾಡಿದ ನಿಧಿಯ ಹೆಸರಿಗೂ ಈಚೆಗೆ ಇದೇ ‘ಡಿಸ್‌ಪ್ಲೇಸ್ಡ್’ ಸೇರಿದೆ. ಅಲ್ಲೂ ಇದೇ ಅರ್ಥ.

‘ಲೇ-ಆಫ್’ ಇನ್ನೂ ಅಪಾಯದ ಪದ. ನಮ್ಮಲ್ಲಿ 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಲೇ-ಆಫ್ ಅಂದರೆ ಕಚ್ಚಾಮಾಲು, ಕರೆಂಟು, ಯಂತ್ರ ಇಂಥ ಕಾರಣಕ್ಕೆ ಸದ್ಯಕ್ಕೆ ಕೆಲಸ ಕೊಡಲಾಗದ ಸ್ಥಿತಿ. ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಹೆಸರು ಇದ್ದೇ ಇರುತ್ತದೆ. ಅರ್ಹರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗುತ್ತದೆ. ಹೆಸರೇ ತೆಗೆದುಹಾಕಿದರೆ ಅದು ರಿಟ್ರೆಂಚ್‌ಮೆಂಟ್, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಅಮೆರಿಕದವರು ‘ಲೇಡ್ ಆಫ್’ ಅನ್ನುವುದು ಬಹುಪಾಲು ಈ ಎರಡನೆಯದಕ್ಕೆ. ‘ವಜಾ’ ಕೂಡ ಬೇಡ, ಅದರಲ್ಲಿ ಕಾರ್ಮಿಕನ ತಪ್ಪು ಅಡಗಿದೆ. ಇಲ್ಲೂ ‘ಕೆಲಸ ಹೋದವರು’ ಸಾಕು.

‘ವೇತನ ವಿಮೆ’ ಓದಿದವರು ಪ್ರೀಮಿಯಂ ಯಾರು ಕಟ್ಟುತ್ತಾರೆ ಎಂದು ಕೇಳುತ್ತಾರೆ. ಯಾರೂ ಕಟ್ಟುವುದಿಲ್ಲ. 50 ವರ್ಷ ತುಂಬಿದವರು ಕಡಿಮೆ ಸಂಬಳದ ಹೊಸ ಕೆಲಸಕ್ಕೆ ಸೇರಿದರೆ, ಆ ಸಂಬಳ ವರ್ಷಕ್ಕೆ 50,000 ಡಾಲರ್ ದಾಟದಿದ್ದರೆ, ವ್ಯತ್ಯಾಸದ ಅರ್ಧ ತುಂಬಿಕೊಡುತ್ತಿದ್ದರು. ಹಳೆಯದು 46,000, ಹೊಸದು 34,000 ಅಂದುಕೊಳ್ಳಿ. ವ್ಯತ್ಯಾಸ 12,000, ಅರ್ಧ 6,000. ಎರಡು ವರ್ಷಕ್ಕೆ 12,000 ಆಗಬೇಕಿತ್ತು, ಆದರೆ ಒಟ್ಟು ಮಿತಿ 10,000, ಅಲ್ಲಿಗೆ ನಿಲ್ಲುತ್ತಿತ್ತು. ‘ಸಂಬಳದ ಕೊರತೆ ಭರ್ತಿ’ ಅಂದರೆ ವಿಷಯ ತಾನಾಗಿ ತಿಳಿಯುತ್ತದೆ.

ನೀವು ಕೇಳದೆ ಬಿಟ್ಟ ಒಂದು ಪದಗುಚ್ಛ ಇದೆ, ಅನುವಾದಕರು ಹೆಚ್ಚು ಎಡವುವುದು ಅಲ್ಲೇ: ‘ಕಾಂಟ್ರಿಬ್ಯೂಟೆಡ್ ಇಂಪಾರ್ಟೆಂಟ್ಲಿ’. ನೆರವು ಸಿಗಲು, ಕೆಲಸ ಹೋದದ್ದರಲ್ಲಿ ಆಮದಿನ ಪಾಲು ಎಷ್ಟಿರಬೇಕು ಎಂದು ಕಾನೂನು ಹೇಳುವ ಮಾತು ಇದು. ಇದನ್ನು ‘ಆಮದೇ ಮುಖ್ಯ ಕಾರಣ’ ಅಂದರೆ ಕಾನೂನೇ ತಲೆಕೆಳಗಾಗುತ್ತದೆ. 1962ರ ಮೂಲ ಕಾಯ್ದೆ ಅಂಥ ಬಿಗಿ ಷರತ್ತು ಹಾಕಿದ್ದರಿಂದಲೇ 1969ರವರೆಗೆ ಕಾರ್ಮಿಕರ ಒಂದು ಮನವಿಯೂ ಪಾಸಾಗಲಿಲ್ಲ. 1974ರ ಕಾಯ್ದೆ ಅದನ್ನು ಸಡಿಲಿಸಿತು: ಕಾರಣ ಮುಖ್ಯವಾಗಿರಬೇಕು, ಆದರೆ ಬೇರೆ ಕಾರಣಗಳಿಗಿಂತ ಹೆಚ್ಚು ಮುಖ್ಯವಾಗಿರಬೇಕಿಲ್ಲ. ‘ಗಣನೀಯ ಕಾರಣಗಳಲ್ಲಿ ಒಂದು’ ಎಂದು ಬರೆಯಿರಿ.

ಮೇಲಿನದಕ್ಕೆ ಒಂದು ತಿದ್ದುಪಡಿ

‘ಆಮದು ಪೈಪೋಟಿ’ ಇಕ್ಕಟ್ಟಾಯಿತು. ಕಂಪನಿಯೇ ತಯಾರಿಕೆಯನ್ನು ಹೊರದೇಶಕ್ಕೆ ಎತ್ತಿಕೊಂಡು ಹೋದಾಗಲೂ ಈ ನೆರವು ಸಿಗುವ ದಾರಿ ಇತ್ತು. ‘ವಿದೇಶಿ ವ್ಯಾಪಾರದಿಂದ ಕೆಲಸ ಹೋದವರ ನೆರವು’ ಅಂದರೆ ಎರಡನ್ನೂ ಹಿಡಿಯುತ್ತದೆ.

‘ಪೆಟಿಷನ್’ ಮತ್ತು ‘ಅಪ್ಲಿಕೇಷನ್’ ಎರಡಕ್ಕೂ ‘ಅರ್ಜಿ’ ಹಾಕಬೇಡಿ. ಮೊದಲನೆಯದು ಗುಂಪಿನದು. ಒಂದೇ ಕಾರ್ಖಾನೆಯ ಮೂವರು ಕಾರ್ಮಿಕರು, ಯೂನಿಯನ್ ಅಥವಾ ಕಂಪನಿಯವರೇ ಕೇಂದ್ರ ಕಾರ್ಮಿಕ ಇಲಾಖೆಗೆ ಸಲ್ಲಿಸುತ್ತಿದ್ದುದು. ಅದು ಸಲ್ಲಿಕೆಯಾಗುವ ದಿನಕ್ಕಿಂತ ಒಂದು ವರ್ಷಕ್ಕೂ ಹಿಂದೆ ಕೆಲಸ ಹೋದವರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಎರಡನೆಯದನ್ನು, ಗುಂಪಿಗೆ ಮಂಜೂರಾದ ಮೇಲೆ, ಪ್ರತಿಯೊಬ್ಬರೂ ತಮ್ಮ ರಾಜ್ಯದ ಕಚೇರಿಗೆ ಕೊಡಬೇಕಿತ್ತು. ಎರಡಕ್ಕೂ ಒಂದೇ ಪದ ಹಾಕಿದರೆ ‘ಅರ್ಜಿ ಪಾಸಾದರೂ ಹಣ ಬರಲಿಲ್ಲ’ ಎಂಬ ವಾಕ್ಯ ಓದುಗನಿಗೆ ಒಗಟಾಗುತ್ತದೆ. ‘ಗುಂಪು ಮನವಿ’, ‘ವೈಯಕ್ತಿಕ ಅರ್ಜಿ’ ಇರಲಿ.

ಕಾಲವಾಚಕದ ಮೇಲೂ ಕಣ್ಣಿಡಿ. 2022ರ ಜುಲೈ 1ರಿಂದ ಹೊಸ ಮನವಿಗಳ ತನಿಖೆ, ಮಂಜೂರಾತಿ ಎರಡೂ ನಿಂತಿವೆ. ಅದಕ್ಕೂ ಮೊದಲು ಕೆಲಸ ಹೋಗಿ, ಮಂಜೂರಾದ ಗುಂಪಿನಲ್ಲಿದ್ದವರ ಸೌಲಭ್ಯ ಮಾತ್ರ ಮುಂದುವರಿಯಿತು. ಹಾಗಾಗಿ ‘ಕೊಡುತ್ತದೆ’ ಅಲ್ಲ, ‘ಕೊಡುತ್ತಿತ್ತು’.